ಅತ್ತೆಯ ಪಾಲು

ಪೌತಿ ಖಾತೆಗೆಂದು ವಂಶವೃಕ್ಷ ಬರೆಯಲು ಕುಳಿತ ದಿನ, ಒಂದು ಹೆಸರಿನ ಹತ್ತಿರ ಮನೆಯವರ ಪೆನ್ನು ನಿಲ್ಲುತ್ತದೆ. ಅಜ್ಜ, ಅಜ್ಜನ ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಸಲೀಸಾಗಿ ಕೊಂಬೆಗಳ ಮೇಲೆ ಕೂರುತ್ತಾರೆ. ಮದುವೆಯಾಗದೆ ಅದೇ ಮನೆಯಲ್ಲಿ ತಲೆ ನರೆತ ಅತ್ತೆಯ ಸರದಿ ಬಂದಾಗ, 'ಅವರದ್ದೇನು ಬರೆಯೋದು, ಹಿಂದಿಲ್ಲ ಮುಂದಿಲ್ಲ' ಎಂದು ಯಾರೋ ಹೇಳುತ್ತಾರೆ.

ಕೊಳ್ಳೇಗಾಲ, ಹನೂರು ಕಡೆಯ ರೇಷ್ಮೆ ಸಾಕುವ ಮನೆಗಳಲ್ಲಿ ಇಂಥ ಅತ್ತೆ ಇಲ್ಲದಿದ್ದರೆ ಹುಳು ಮನೆ ನಡೆಯುತ್ತಿತ್ತೇ ಎಂಬುದೇ ಅನುಮಾನ. ನಾಲ್ಕನೇ ಜ್ವರ ಎದ್ದ ಹುಳುವಿಗೆ ರಾತ್ರಿಯೆನ್ನದೆ ಸೊಪ್ಪು ಹಾಕಬೇಕು. ಹಣ್ಣಾದದ್ದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಸೊಸೆಯಂದಿರಿಗೆ ಬಾಣಂತನವಿದೆ, ತವರಿನ ಹಬ್ಬವಿದೆ. ಅತ್ತೆಗೆ ತವರೂ ಅದೇ, ಇರುವ ಮನೆಯೂ ಅದೇ. ಗೂಡು ಮಾರಿದ ದುಡ್ಡನ್ನು ಜಗಲಿಯಲ್ಲಿ ಎಣಿಸುವಾಗ ಮಾತ್ರ ಆಕೆ ಒಳಗೆ ಬಾಣಂತಿಗೆ ನೀರು ಕಾಯಿಸುತ್ತಿರುತ್ತಿದ್ದಳು.

ಯಳಂದೂರಿನವಳೇ ಆದ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಹದಿಬದೆಯ ಧರ್ಮ' ಬರೆದಳು. ಗಂಡನ ಮನೆಯಲ್ಲಿ ಹೆಣ್ಣು ಹೇಗಿರಬೇಕೆಂಬುದನ್ನು ಸಾಂಗತ್ಯದಲ್ಲಿ ಹೇಳಿದ ಕಾವ್ಯ ಅದು. ಗಂಡನ ಮನೆಯೇ ಇಲ್ಲದವಳು ಹೇಗಿರಬೇಕು? ಅದಕ್ಕೆ ಉತ್ತರ ಕೊಡುವ ಕೆಲಸ ಕಾನೂನಿಗೆ ಬಂತು. ಅದೂ ಈ ಸೀಮೆಯಲ್ಲಿ ಎರಡು ಬಗೆಯಾಗಿ.

ಈಗಿನ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋದ ಯಳಂದೂರು ಮೈಸೂರು ಸಂಸ್ಥಾನದ್ದು. ಬಸ್ಸು ಹತ್ತಿದರೆ ಹೆಚ್ಚು ಹೊತ್ತು ಹಿಡಿಯದ ಕೊಳ್ಳೇಗಾಲ, ಅದೇ ತಾಲ್ಲೂಕಿನಲ್ಲಿದ್ದ ಹನೂರು, 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯವು. ಹೆಣ್ಣು ಕೊಟ್ಟು ತರುವುದಕ್ಕೆ ಈ ಗಡಿ ಅಡ್ಡ ಬರಲಿಲ್ಲ, ಆಸ್ತಿಗೆ ಬಂತು. 1933ರಲ್ಲಿ ಮೈಸೂರು ಸರ್ಕಾರ ಹಿಂದೂ ಹೆಂಗಸರ ಹಕ್ಕುಗಳ ಕಾನೂನು ಮಾಡಿ, ಮನೆ ಪಾಲಾಗುವಾಗ ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲುಭಾಗ ಕೊಡಬೇಕೆಂದಿತು. ಕಾಲೇ ಇರಲಿ, ಪಾಲುಪಟ್ಟಿಯಲ್ಲಿ ಹೆಸರಾದರೂ ಬಿತ್ತು. ಗಡಿಯಾಚೆ ಕೊಳ್ಳೇಗಾಲದ ಮಗಳಿಗೆ ಆ ಕಾಲೂ ಇರಲಿಲ್ಲ. ಅವಳಿಗಿದ್ದದ್ದು ಅನ್ನ, ಬಟ್ಟೆ, ಮದುವೆಯ ಖರ್ಚು. ಮದುವೆಯೇ ಆಗದವಳ ಆ ಖರ್ಚು ಯಾರ ಲೆಕ್ಕಕ್ಕೆ ಹೋಯಿತೋ!

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಗಡಿಯ ಎರಡೂ ಕಡೆಗೆ ಬಂತು. ಅಪ್ಪನ ಸ್ವಂತ ಪಾಲಿನಲ್ಲಿ ಮಗಳಿಗೂ ಹಕ್ಕು ಬಂತು. ವಾಸದ ಮನೆಯಲ್ಲಿ ಮದುವೆಯಾಗದ ಮಗಳು ಇರಬಹುದಿತ್ತು, ಆದರೆ ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಆಕೆ ಪಾಲು ಕೇಳುವಂತಿರಲಿಲ್ಲ. ಅತ್ತೆಯ ಮೂಲೆಯ ಕೋಣೆ ಕಾನೂನಿನ ಪುಸ್ತಕದಲ್ಲೇ ಇತ್ತು ಎನ್ನಿ.

ಆಮೇಲೆ 1994ರ ಜುಲೈ 30. ಅಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾದವರಿಗೆ ಮಾತ್ರ ಇಲ್ಲ. ಪಾಲಾಗದೆ ಉಳಿದ ಮನೆಗಳಲ್ಲಿ ಎಲ್ಲ ತಿರುಗುಮುರುಗಾಯಿತು. ಹಸೆಮಣೆ ಏರಿದ ಅಕ್ಕತಂಗಿಯರು ಹೊರಗೆ, 'ಪಾಪ' ಎನ್ನಿಸಿಕೊಂಡಿದ್ದವಳು ಒಳಗೆ. ಅಲ್ಲಿಯವರೆಗೆ ಅತ್ತೆಯ ಕೋಣೆಗೆ ಬಾರದ ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರ ಹಿಡಿದು ಬರಲು ಕಾರಣ ಇದೇ. ಮದುವೆಯಾದವರು ರುಜು ಹಾಕುವಾಗ ಅರಿಶಿನ ಕುಂಕುಮದ ಸಂಬಂಧ ಉಳಿಯಲಿ ಎನ್ನುತ್ತಾರೆ. ಅತ್ತೆ ಹೆಬ್ಬೆಟ್ಟೊತ್ತಿದರೆ ಉಳಿಯುವುದು ಅದೇ ಕೋಣೆ, ಎರಡು ಹೊತ್ತಿನ ಊಟ. ಒತ್ತದಿದ್ದರೆ ಆ ಊಟವನ್ನು ಬಡಿಸುವವರಾರು? ಮದುವೆಯಾದವಳು, ಆಗದವಳು ಎಂಬ ಭೇದ ಕಾನೂನಿನಲ್ಲಿ ಅಳಿದದ್ದು 2005ರಲ್ಲಿ. ಅಷ್ಟರಲ್ಲಿ ಎಷ್ಟೋ ಹೆಬ್ಬೆಟ್ಟು ಬಿದ್ದಾಗಿತ್ತು.

ಶಾಲೆಯ ಪ್ರಾಜೆಕ್ಟಿಗೆ ಮಕ್ಕಳೂ ವಂಶವೃಕ್ಷ ಬರೆಯುತ್ತಾರೆ. ಆಗ ಅಪ್ಪನನ್ನು ಕೇಳದೆ ನೇರ ಅತ್ತೆಯ ಹತ್ತಿರವೇ ಹೋಗಿ ಕುಳಿತರೆ ಒಳ್ಳೆಯದು. ಮೂರು ತಲೆಮಾರಿನಲ್ಲಿ ಯಾರು ಯಾವ ಬೇಸಾಯದಲ್ಲಿ ಹುಟ್ಟಿದರು, ಯಾವ ಮಗು ಉಳಿಯಲಿಲ್ಲ, ಆ ವರ್ಷ ಗೂಡು ಏನು ಬೆಲೆಗೆ ಹೋಯಿತು ಎಲ್ಲವೂ ಆಕೆಗೆ ಬಾಯಿಪಾಠ. ಎಲ್ಲರದ್ದೂ ಬರೆದಾದ ಮೇಲೆ, 'ಅತ್ತೆ, ನಿಮ್ಮ ಹೆಸರೇನು?' ಎಂದು ಕೇಳಬೇಕಾಗುತ್ತದೆ. ಮನೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕೂಗುತ್ತಿದ್ದವರು ಯಾರೂ ಈಗಿಲ್ಲ.