ನಕ್ಕು ತಿದ್ದಬಾರದು

ನಮ್ಮ ಮಡಕಶಿರಾ ಸೀಮೆಯಲ್ಲಿ ಸುಗ್ಗಿ ಮುಗಿಯಿತೆಂದರೆ ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದಿಳಿಯುತ್ತಾರೆ. ಒಂದು ಕಡೆ ಶಿರಾ, ಒಂದು ಕಡೆ ಪಾವಗಡ, ಇನ್ನೊಂದು ಕಡೆ ಮಧುಗಿರಿ. ರಾಜ್ಯ ಆಂಧ್ರವಾದರೂ ರಾತ್ರಿ ತಾಲೀಮಿನಲ್ಲಿ ಕೇಳುವುದು ಕನ್ನಡದ ‘ಕುರುಕ್ಷೇತ್ರ’ ನಾಟಕ. ಹಗಲು ಕಡಲೆಕಾಯಿ ಹೊಲದಲ್ಲಿದ್ದವನು ಕತ್ತಲಾದರೆ ದುರ್ಯೋಧನ. ಪಾತ್ರಕ್ಕೆ ತಕ್ಕ ಹಣವನ್ನು ಅವನೇ ಹಾಕುತ್ತಾನೆ. ಸೀನರಿಗೆ, ಮೇಷ್ಟ್ರಿಗೆ, ಬೇರೆ ಊರಿಂದ ಕರೆಸುವ ಸ್ತ್ರೀಪಾತ್ರದ ಕಲಾವಿದೆಯರಿಗೆ ಆ ಹಣ.

ನಮ್ಮ ತಂಡಕ್ಕೆ ನಡವಳಿಕೆಯ ಕಟ್ಟಳೆ ಬೇಕು ಎಂದು ನಾನು ಹೇಳಿದಾಗ ಹಿರಿಯರೊಬ್ಬರು ನೊಂದುಕೊಂಡರು. “ಏನಪ್ಪಾ, ನಾವೆಲ್ಲ ಒಂದೇ ಊರೋರು. ಅಣ್ಣತಮ್ಮಂದಿರ ಮಧ್ಯೆ ಕಾಗದ ಯಾಕೆ?” ಅವರ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಆ ‘ನಾವೆಲ್ಲ’ದೊಳಗೆ ಎಲ್ಲರೂ ಇರಲಿಲ್ಲ. ಮನೆಯಲ್ಲಿ ತೆಲುಗಾಡುವ ಹುಡುಗನೊಬ್ಬ ಹಿಂದಿನ ವರ್ಷ ನಕುಲನ ಪಾತ್ರ ಕಲಿಯುತ್ತಿದ್ದ. ಮಾತು ತಪ್ಪಿದಾಗಲೆಲ್ಲ ನಗು. ನಾನೂ ನಕ್ಕಿದ್ದೆ. ನಾಲ್ಕನೇ ರಾತ್ರಿ ಅವನು ಬರಲಿಲ್ಲ.

ಬರೆಯದ ಕಟ್ಟಳೆ ಒಳಗಿನವರಿಗೆ ಮೊದಲೇ ಗೊತ್ತು. ಹೊಸಬರಿಗೆ ಗೊತ್ತಾಗುವುದು ಅವಮಾನವಾದ ಮೇಲೆ.

ಹವ್ಯಾಸಕ್ಕೂ ಧರ್ಮವೊಂದುಂಟು ಎಂಬುದು ಈ ಸೀಮೆಗೆ ಹೊಸದಲ್ಲ. ಬಳ್ಳಾರಿ ರಾಘವ 1880ರಲ್ಲಿ ಹುಟ್ಟಿದ್ದು ಈಗಿನ ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ. ವೃತ್ತಿಯಿಂದ ವಕೀಲರು, ಕನ್ನಡ, ತೆಲುಗು ಎರಡರಲ್ಲೂ ಬಣ್ಣ ಹಚ್ಚಿದವರು. ಗಂಡಸರೇ ಸೀರೆಯುಟ್ಟು ದ್ರೌಪದಿಯಾಗುತ್ತಿದ್ದ ಕಾಲದಲ್ಲಿ, ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕೆಂದು ಪಟ್ಟು ಹಿಡಿದರು. ನಮ್ಮ ತಾತನ ಊರು ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆಮೇಲೂ ತಾತ ರಾಘವರನ್ನು ‘ನಮ್ಮ ರಾಘವಾಚಾರ್ಯರು’ ಎಂದೇ ಕರೆಯುತ್ತಿದ್ದರು. ಹೆಣ್ಣು ರಂಗಕ್ಕೆ ಬರಲಿ ಎಂದ ಮೇಲೆ, ಅವಳು ಅಲ್ಲಿ ನೆಮ್ಮದಿಯಾಗಿರುವಂತೆ ನೋಡಿಕೊಳ್ಳುವುದೂ ತಂಡದ ಹೊಣೆಯೇ.

ಕೊನೆಗೆ ತಾಲೀಮಿನ ಪುಸ್ತಕದ ಮೊದಲ ಹಾಳೆಯಲ್ಲಿ, ಕನ್ನಡದಲ್ಲೂ ತೆಲುಗಿನಲ್ಲೂ ಕಟ್ಟಳೆ ಬರೆದೆವು. ಕುಡಿದು ತಾಲೀಮಿಗೆ ಬರಬಾರದು. ಕಲಾವಿದೆಯರಿಗೆ ಬೇರೆ ಬಣ್ಣದ ಮನೆ, ಅದಕ್ಕೆ ಒಳಗಿಂದ ಚಿಲಕ. ಅವರ ಹಣ ಪರದೆ ಏಳುವ ಮೊದಲೇ ಕೈಸೇರಬೇಕು. ಜಾತಿ, ಕೇರಿ ನೋಡಿ ಪಾತ್ರ ಹಂಚಬಾರದು. ಮಾತು ತಪ್ಪಿದವರನ್ನು ನಕ್ಕು ತಿದ್ದಬಾರದು. ದೂರು ಬಂದರೆ ಮೂವರು ಕೂತು ಕೇಳಬೇಕು, ಅವರಲ್ಲೊಬ್ಬರು ಹೆಂಗಸಾಗಿರಬೇಕು. ದೂರು ಆ ಮೂವರಲ್ಲೊಬ್ಬರ ಮೇಲೇ ಇದ್ದರೆ ಅವರು ಎದ್ದು ಹೊರಗೆ ಹೋಗಬೇಕು. ಈ ಕೊನೆಯ ಮಾತು ಸೇರಿಸಿದ್ದು, ಕಾಗದ ಯಾಕೆ ಎಂದಿದ್ದ ಆ ಹಿರಿಯರೇ.

ಕಟ್ಟಳೆ ಅಂದರೆ ಅಪನಂಬಿಕೆಯಲ್ಲ. ಬಾಗಿಲಲ್ಲಿ ನಿಂತವರಿಗೆ ‘ಒಳಗೆ ಬಾ, ಇಲ್ಲಿ ನಿನಗೆ ಮರ್ಯಾದೆಯುಂಟು’ ಎಂದು ಮೊದಲೇ ಕೊಡುವ ಮಾತು ಅದು.

ಆ ಹುಡುಗನ ಮನೆಗೆ ಹೋಗಿ ಹಾಳೆ ಓದಿ ಹೇಳಿ, ತಪ್ಪಾಯಿತು ಎಂದು ಕರೆದುತಂದೆವು. ಈ ಸಲದ ಮೊದಲ ತಾಲೀಮಿನಲ್ಲಿ ನಕುಲನ ಮಾತು ಮೂರು ಸಲ ತಪ್ಪಿತು. ಮೂರು ಸಲವೂ ಮೇಷ್ಟ್ರು ಮೆಲ್ಲಗೆ ಹೇಳಿಕೊಟ್ಟರು. ಯಾರೂ ನಗಲಿಲ್ಲ.