ಹದಿನೇಳನೆಯ ಕುಳಿ

ತರ್ಕವನ್ನೂ ಕಾವ್ಯವನ್ನೂ ಓದಿ, ಮೂವತ್ತು ವರುಷಗಳಿಗೆ ಮೀರಿ ಹುಡುಗರಿಗೆ ವ್ಯಾಕರಣವನ್ನು ಹೇಳಿಕೊಟ್ಟು ವಿಶ್ರಾಂತನಾದವನಿಗೆ ಗಾಲ್ಫ್ ಆಟದ ಗೊಡವೆ ಏತಕ್ಕೆಂದು ಮಿತ್ರರು ಕೇಳುವುದುಂಟು. ಗಾಲ್ಫ್ ಕೋಲನ್ನು ನಾನು ಕೈಯಿಂದ ಮುಟ್ಟಿದವನಲ್ಲ. ಆದರೂ ಪ್ರತಿ ಭಾನುವಾರ ಸಂಜೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಹಳೆಯ ಮೈದಾನದಲ್ಲಿ ಆಡುತ್ತೇನೆ. ಮೈದಾನವಿರುವುದು ಕಂಪ್ಯೂಟರಿನ ತೆರೆಯ ಮೇಲೆ. ಎದುರಾಳಿಯಿರುವುದು ಬೇರೆ ಊರಿನಲ್ಲಿ.

ಆ ಮೈದಾನದ ಹದಿನೆಂಟು ಕುಳಿಗಳಲ್ಲಿ ಹದಿನೇಳನೆಯದು ಲೋಕಪ್ರಸಿದ್ಧವಾದುದು. ಅದಕ್ಕೆ ‘ರೋಡ್ ಹೋಲ್’ ಎಂದು ಹೆಸರು. 2010ರ ಓಪನ್ ಪಂದ್ಯಕ್ಕಾಗಿ ಅದರ ಉದ್ದವನ್ನು 495 ಗಜಕ್ಕೆ ಏರಿಸಿದರು; ವಿಹಿತವಾದ ಹೊಡೆತಗಳು ಮಾತ್ರ ನಾಲ್ಕೇ. ಹಿಂದೆ ರೈಲ್ವೆ ಕೊಟ್ಟಿಗೆಗಳಿದ್ದೆಡೆ ಅದೇ ಆಕಾರದಲ್ಲಿ ಕಟ್ಟಿದ ಕೊಟ್ಟಿಗೆಗಳ ಮೇಲಿಂದ ಮೊದಲ ಚೆಂಡನ್ನು ಹಾರಿಸಬೇಕು. ಬಲಕ್ಕೆ ಹೆಚ್ಚು ಸರಿದರೆ ಚೆಂಡು ಎಲ್ಲೆಯನ್ನು ದಾಟಿ ದಂಡ ತೆರಬೇಕಾಗುತ್ತದೆ. ಎಡಕ್ಕೆ ಸರಿದರೆ ಎರಡನೆಯ ಹೊಡೆತದ ದಾರಿಗೆ ಆಳವಾದ ಮರಳಿನ ಗುಂಡಿಯೊಂದು ಅಡ್ಡವಾಗುತ್ತದೆ. ಕುಳಿಯಿರುವ ಹಸುರು ನೆಲವೋ ಓರೆಯಾದ, ಇಕ್ಕಟ್ಟಾದ ಪಟ್ಟಿ. ಅದರಾಚೆಗೆ ರಸ್ತೆ, ರಸ್ತೆಯಾಚೆಗೆ ಕಲ್ಲಿನ ಗೋಡೆ.

ತೆರೆಯ ಮೇಲಿನ ಆಟದಲ್ಲಿ ತೋಳ್ಬಲಕ್ಕೆ ಕೆಲಸವಿಲ್ಲ. ಮೊದಲು ಬಲವನ್ನು ನಿರ್ಣಯಿಸಿ, ಸೂಚಿಯು ಮರಳಿ ಬರುವಾಗ ಗುರುತಿನ ಮೇಲೆ ಸರಿಯಾಗಿ ಒತ್ತಬೇಕು. ಗಾಳಿಯ ದಿಕ್ಕನ್ನೂ ವೇಗವನ್ನೂ ಒಂದು ಬಾಣವು ಹೇಳುತ್ತದೆ. ಇಷ್ಟೆಲ್ಲ ತಿಳಿದವರೂ ಇಲ್ಲಿ ಏಳು ಎಂಟು ಹೊಡೆತಗಳಿಗೆ ಈಡಾಗುವುದು ಬೆರಳಿನ ದೋಷದಿಂದಲ್ಲ, ಗುರಿಯ ದೋಷದಿಂದ. ಧ್ವಜವು ಕಂಡೊಡನೆ ಧ್ವಜಕ್ಕೇ ಹೊಡೆಯುತ್ತಾರೆ.

ನಮ್ಮ ಶಾಸ್ತ್ರಕಾರರಲ್ಲಿ ಅರುಂಧತೀನ್ಯಾಯವೆಂಬುದೊಂದುಂಟು. ಅರುಂಧತಿಯು ಅತಿ ಸೂಕ್ಷ್ಮವಾದ ನಕ್ಷತ್ರ. ಅದನ್ನು ತೋರಿಸುವವನು ಮೊದಲು ಸಮೀಪದ ದೊಡ್ಡ ನಕ್ಷತ್ರವನ್ನು ತೋರಿಸಿ, ದೃಷ್ಟಿಯು ಅಲ್ಲಿ ನಿಂತಮೇಲೆ ಪಕ್ಕಕ್ಕೆ ಸರಿಸುತ್ತಾನೆ. ಹದಿನೇಳನೆಯ ಕುಳಿಗೂ ಇದೇ ಉಪಾಯ. ಮೊದಲ ಚೆಂಡನ್ನು ಎಲ್ಲೆಯಿಂದ ದೂರವಾಗಿ ಹುಲ್ಲುಹಾದಿಯ ನಡುವೆ ಇಳಿಸಬೇಕು. ಎರಡನೆಯದನ್ನು ಹಸುರಿನ ಮುಂದೆ, ಮರಳುಗುಂಡಿಯ ಬಲಕ್ಕೆ, ಕೊಂಚ ಹಿಂದೆಯೇ ನಿಲ್ಲಿಸಬೇಕು. ಅಲ್ಲಿಂದ ಚೆಂಡನ್ನು ಮೇಲಕ್ಕೆತ್ತದೆ ನೆಲದ ಮೇಲೆಯೇ ಉರುಳಿಸಿದರೆ ನಾಲ್ಕರಲ್ಲಿ ಮುಗಿದರೂ ಮುಗಿಯಬಹುದು, ಐದಕ್ಕಂತೂ ಮೋಸವಿಲ್ಲ.

ಇದು ಹೇಡಿಯ ಮಾರ್ಗವೆಂದು ವಾಚಕರು ಭಾವಿಸಬಾರದು. 1978ರ ಓಪನ್ ಪಂದ್ಯದಲ್ಲಿ ಜಪಾನಿನ ಟಾಮಿ ನಕಾಜಿಮಾ ಎರಡೇ ಹೊಡೆತಗಳಲ್ಲಿ ಹಸುರನ್ನು ಸೇರಿದ್ದರೂ, ಅಲ್ಲಿಂದ ಉರುಳಿಸಿದ ಚೆಂಡು ಮರಳಿಗೆ ಜಾರಿ, ಒಟ್ಟು ಒಂಬತ್ತು ಹೊಡೆತಗಳನ್ನು ತೆತ್ತನು. 1984ರಲ್ಲಿ ಆರನೆಯ ಪ್ರಶಸ್ತಿಯನ್ನು ಬಯಸಿ ಬಂದಿದ್ದ ಟಾಮ್ ವಾಟ್ಸನ್ನನ ಎರಡನೆಯ ಹೊಡೆತ ಹಸುರನ್ನು ದಾಟಿ ಗೋಡೆಯ ಬಳಿಗೆ ಹೋಯಿತು. ಆ ವರುಷ ಗೆದ್ದ ಸ್ಪೇನಿನ ಬಾಲೆಸ್ಟೆರೊಸ್ ಮೊದಲ ಮೂರು ದಿನವೂ ಇಲ್ಲಿ ಐದೈದು ಹೊಡೆತ ತೆತ್ತವನೇ. ಹಾಗೆಂದು ಧೈರ್ಯವು ನಿಷಿದ್ಧವೆಂದಲ್ಲ. ಪಂದ್ಯದ ಕೊನೆಯಲ್ಲಿ ನಾಲ್ಕು ಬೇಕೇ ಬೇಕಾದಾಗ ಕೊಟ್ಟಿಗೆಗಳ ಬಲಗಡೆಯ ಕಠಿನವಾದ ದಾರಿಯನ್ನು ಹಿಡಿಯಲೇಬೇಕು. ಅಲ್ಲಿಂದ ಹಸುರು ನೀಳವಾಗಿ ತೆರೆದುಕೊಳ್ಳುತ್ತದೆ. ಆ ದಿನ ಯಾವುದೆಂಬುದನ್ನು ಅರಿಯುವುದೇ ವಿವೇಕ.

ನನ್ನ ಎದುರಾಳಿಯು ಮಗಳ ಮಗ. ಹೋದ ವರುಷ ಅವನಿಗೆ ಬಯಸಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆಯಲಿಲ್ಲ. ಅಂದಿನಿಂದ ಮನೆಯವರೊಡನೆ ಮಾತನ್ನೇ ಬಿಟ್ಟಂತಿದ್ದನು. ಅವನಿಗೆ ಬುದ್ಧಿ ಹೇಳಲು ಮನೆತುಂಬ ಜನರಿದ್ದರು. ಆಟಕ್ಕೆ ಜೊತೆಯಾಗುವವರು ಇರಲಿಲ್ಲ. ಆ ಕೆಲಸವನ್ನು ನಾನು ವಹಿಸಿಕೊಂಡೆನು. ಫೋನಿನಲ್ಲಿ ಕುಳಿಯ ವಿಚಾರವನ್ನಲ್ಲದೆ ಬೇರೇನನ್ನೂ ಎತ್ತಲಿಲ್ಲ. ಮೊದಮೊದಲು ಅವನು ನೇರವಾಗಿ ಧ್ವಜಕ್ಕೇ ಹೊಡೆದು, ಮರಳಿನಲ್ಲಿ ಸಿಕ್ಕಿ, ಆಟವನ್ನೇ ಮುಚ್ಚಿಬಿಡುತ್ತಿದ್ದನು. ಈಚೆಗೆ, “ತಾತ, ಮುಂದಿನ ಹೊಡೆತಕ್ಕೆ ಯಾವ ಜಾಗ ಅನುಕೂಲ?” ಎಂದು ಕೇಳುತ್ತಾನೆ.

ಕಳೆದ ಭಾನುವಾರ ಚೆಂಡು ಇನ್ನೂ ಉರುಳುತ್ತಿರುವಾಗಲೇ, ತಮ್ಮ ಊರಿನ ಕಾಲೇಜಿನಲ್ಲಿಯೇ ಬಿ.ಎಸ್‌ಸಿ. ತರಗತಿಗೆ ಅರ್ಜಿ ಹಾಕಿರುವುದಾಗಿ ತಿಳಿಸಿದನು. ಒಳ್ಳೆಯದೆಂದೂ ನಾನು ಹೇಳಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯಪ್ಪ ಎಂದಷ್ಟೇ ಕೇಳಿದೆನು.