ಆಕಾಶದ ರೈಲು ಮತ್ತು ನಮ್ಮ ತಾರಸಿಯ ಟಾರ್ಚ್

2021ರ ಡಿಸೆಂಬರ್ 20, ಸೋಮವಾರ. ಮಗ್ರಿಬ್ ನಮಾಝ್ ಮುಗಿಸಿ ಮನೆಗೆ ಬಂದು ಚಹಾ ಕುಡಿಯುತ್ತಿದ್ದೆ. ಇಶಾಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಪಕ್ಕದ ಮನೆಯ ಹುಡುಗ ಅಂಗಳದಿಂದಲೇ "ಮಾಷ್ಟ್ರೇ, ಬೇಗ ಬನ್ನಿ, ಆಕಾಶದಲ್ಲಿ ರೈಲು ಹೋಗ್ತಾ ಉಂಟು!" ಎಂದು ಕೂಗಿದ. ಮಕ್ಕಳ ಮಾತೆಂದು ಸುಮ್ಮನಿರಲು ಆಗಲಿಲ್ಲ, ಅವನ ಸ್ವರದಲ್ಲಿ ಹೆದರಿಕೆಯೂ ಇತ್ತು. ಮೊಬೈಲಿನ ಟಾರ್ಚ್ ಉರಿಸಿಕೊಂಡು ತಾರಸಿಯ ಮೆಟ್ಟಿಲು ಹತ್ತಿದೆ.

ಹುಡುಗ ಹೇಳಿದ್ದು ಸುಳ್ಳಾಗಿರಲಿಲ್ಲ. ಪಡುವಣದ ಸಮುದ್ರದ ಮೇಲೆ ಶುಕ್ರ ಎಂದಿನಂತೆ ಹೊಳೆಯುತ್ತಿತ್ತು. ಆದರೆ ಆಕಾಶದಲ್ಲಿ ದೀಪಗಳ ಒಂದು ಸಾಲು, ಒಂದರ ಹಿಂದೆ ಒಂದು, ಸದ್ದಿಲ್ಲದೆ ಸಾಗುತ್ತಿತ್ತು. ವಿಮಾನವೆನ್ನಲು ಮಿನುಗುವ ಕೆಂಪು ಬೆಳಕಿಲ್ಲ, ಉಲ್ಕೆಯೆನ್ನಲು ಆ ವೇಗವಿಲ್ಲ. ಅರುವತ್ತು ವರ್ಷಗಳಿಂದ ಕಾಪುವಿನ ಆಕಾಶ ನೋಡಿದವನು ನಾನು. ಅಂಥದ್ದನ್ನು ಕಂಡಿರಲಿಲ್ಲ. ಕೆಲವೇ ನಿಮಿಷಗಳಲ್ಲಿ ಸಾಲು ಮಸುಕಾಗಿ ಮಾಯವಾಯಿತು.

ಕೆಳಗಿಳಿಯುವಷ್ಟರಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಕಾರ್ಕಳದಿಂದ ತಂಗಿ, ಉಡುಪಿಯಿಂದ ನನ್ನೊಂದಿಗೆ ಕಲಿಸಿದ್ದ ಗೆಳೆಯ, ಮಣಿಪಾಲದ ಹಾಸ್ಟೆಲಿನಿಂದ ತಂಗಿಯ ಮಗ. ಎಲ್ಲರದ್ದೂ ಒಂದೇ ಪ್ರಶ್ನೆ. ತೊಂಬತ್ತರ ಅಂಚಿನಲ್ಲಿದ್ದ ಉಮ್ಮ ಮಾತ್ರ ಮಂಚದಿಂದ ಏಳದೆ, "ಮೇಲೆ ಏನು ಬೇಕಾದರೂ ಹೋಗಲಿ, ಕೆಳಗೆ ಇಳಿಯದಿದ್ದರೆ ಸಾಕು" ಎಂದರು.

ಆದರೆ ಅದು ಕೆಳಗಿಳಿಯಿತು. ಹೇಗೆಂದು ಮುಂದೆ ಹೇಳುತ್ತೇನೆ.

ಅಂದು ರಾತ್ರಿ ವಾಟ್ಸ್ಯಾಪ್‌ನಲ್ಲಿ ಬಂದ ವಿವರಣೆಗಳಿಗೆ ಲೆಕ್ಕವಿಲ್ಲ. ಹಾರುವ ತಟ್ಟೆ ಎಂದರು ಕೆಲವರು. ಚೀನಾದ ಕ್ಷಿಪಣಿ ಎಂದರು ಇನ್ನು ಕೆಲವರು. ಲೋಕ ಮುಗಿಯುವ ಸೂಚನೆ ಎಂದವರೂ ಇದ್ದರು. ನಿಜ ಸಂಗತಿ ತಿಳಿಯಲು ಹೆಚ್ಚು ಕಾಯಬೇಕಾಗಲಿಲ್ಲ. ಡಿಸೆಂಬರ್ 18ರಂದು ಅಮೇರಿಕದ ಸ್ಪೇಸ್‌ಎಕ್ಸ್ ಕಂಪನಿ ಒಂದೇ ರಾಕೆಟ್‌ನಲ್ಲಿ 52 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಹಾರಿಸಿತ್ತು. ಮೊದಲ ದಿನಗಳಲ್ಲಿ ಅವು ಕೆಳಗಿನ ಕಕ್ಷೆಯಲ್ಲಿ ಇರುವೆಗಳಂತೆ ಸಾಲಾಗಿ ಹೋಗುತ್ತವೆ. ಬಳಿಕ ಸುಮಾರು 540 ಕಿ.ಮೀ. ಎತ್ತರಕ್ಕೇರಿ ಚದುರುತ್ತವೆ. ನಮ್ಮಲ್ಲಿ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಸೂರ್ಯನ ಬೆಳಕು ಇನ್ನೂ ಇರುವುದರಿಂದ ಅವು ಹೊಳೆಯುತ್ತವೆ. ನಮ್ಮ ಜಿಲ್ಲೆಯ ಹವ್ಯಾಸಿ ಖಗೋಳ ವೀಕ್ಷಕರು ಇದನ್ನು ಸರಳವಾಗಿ ವಿವರಿಸಿದರು, ಪತ್ರಿಕೆಗಳು ಪ್ರಕಟಿಸಿದವು.

ವಾರಾಂತ್ಯಕ್ಕೆ ಮನೆಗೆ ಬಂದ ತಂಗಿಯ ಮಗನಿಗೆ ಮಾತ್ರ ಇದು ಸಾಲಲಿಲ್ಲ. "ಇದು ಉಪಗ್ರಹವೇ ಇರಬಹುದು ಮಾಮ. ಆದರೆ ನಿಜವಾದ ಯುಎಫ್‌ಒ ಬಗ್ಗೆ ಸರಕಾರಗಳಿಗೆ ಗೊತ್ತಿದೆ, ಹೇಳುವುದಿಲ್ಲ. ಇಲ್ಲದಿದ್ದರೆ ಅಷ್ಟೊಂದು ಕಡತಗಳನ್ನು ಗುಟ್ಟಾಗಿ ಯಾಕೆ ಇಡಬೇಕು?" ಎಂದ. ಇಂಜಿನಿಯರಿಂಗ್ ಕಲಿಯುವ ಹುಡುಗ. ನಾನು ನಕ್ಕುಬಿಟ್ಟೆ. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ನಿವೃತ್ತನಿಗೆ ಸಮಯಕ್ಕೇನು ಕಡಿಮೆ? ಓದತೊಡಗಿದೆ.

ಓದಿದಾಗ ತಿಳಿದ ಮೊದಲ ಕಾರಣ ಬಹಳ ಲೌಕಿಕವಾದುದು. ಸರಕಾರಗಳು ಹೆಚ್ಚಾಗಿ ಮುಚ್ಚಿಟ್ಟದ್ದು ಅನ್ಯಗ್ರಹದವರನ್ನಲ್ಲ, ತಮ್ಮದೇ ಯಂತ್ರಗಳನ್ನು. 1947ರ ಜುಲೈಯಲ್ಲಿ ಅಮೇರಿಕದ ರೋಸ್‌ವೆಲ್ ಬಳಿಯ ಹುಲ್ಲುಗಾವಲಿನಲ್ಲಿ ಏನೋ ಬಿದ್ದಿತ್ತು. ಅಲ್ಲಿನ ಸೇನಾ ನೆಲೆ ಮೊದಲು 'ಹಾರುವ ತಟ್ಟೆ' ಸಿಕ್ಕಿದೆ ಎಂದು ಪ್ರಕಟಿಸಿತು, ಬೆನ್ನಿಗೇ ಅದು ಹವಾಮಾನ ಬಲೂನ್ ಎಂದು ತಿದ್ದಿತು. ಸತ್ಯ ಹೊರಬರಲು 47 ವರ್ಷ ಬೇಕಾಯಿತು. ಸೋವಿಯತ್ ರಷ್ಯಾ ಅಣುಬಾಂಬ್ ಪರೀಕ್ಷಿಸಿದರೆ ಆ ಸದ್ದನ್ನು ಬಹು ಎತ್ತರದಿಂದ ಕದ್ದು ಕೇಳಲು ಹಾರಿಬಿಟ್ಟಿದ್ದ, ಮೊಗಲ್ ಎಂಬ ಗುಪ್ತ ಯೋಜನೆಯ ಬಲೂನ್ ಅದಾಗಿತ್ತೆಂದು 1994ರಲ್ಲಿ ವಾಯುಪಡೆ ಹೇಳಿತು.

1955ರಲ್ಲಿ ಯು-2 ಎಂಬ ಬೇಹುಗಾರಿಕೆ ವಿಮಾನದ ಪರೀಕ್ಷೆ ಆರಂಭವಾಯಿತು. ಪ್ರಯಾಣಿಕರ ವಿಮಾನಗಳು 20 ಸಾವಿರ ಅಡಿಯ ಆಸುಪಾಸಿನಲ್ಲಿ ಹಾರುತ್ತಿದ್ದ ಕಾಲದಲ್ಲಿ ಅದು 60 ಸಾವಿರ ಅಡಿಗಿಂತ ಮೇಲೆ ಹಾರುತ್ತಿತ್ತು. ಸಂಜೆಯ ಸೂರ್ಯನ ಬೆಳಕು ಅದರ ರೆಕ್ಕೆಗೆ ಬಿದ್ದು ಹೊಳೆದಾಗ ಕೆಳಗಿನ ಪೈಲಟ್‌ಗಳು ವಿಚಿತ್ರ ವಸ್ತು ಕಂಡಿತೆಂದು ದೂರು ಕೊಡುತ್ತಿದ್ದರು. ಅಧಿಕಾರಿಗಳಿಗೆ ಸಂಗತಿ ಗೊತ್ತಿದ್ದರೂ ಹೇಳುವಂತಿರಲಿಲ್ಲ. ಆ ದಶಕಗಳ ಯುಎಫ್‌ಒ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಹಾರಾಟಗಳಿಂದಲೇ ಬಂದವು ಎಂದು ಸಿಐಎಯ ಇತಿಹಾಸವೇ ಹೇಳುತ್ತದೆ. ಈ ಲೆಕ್ಕ ಅತಿಯಾಯಿತು ಎನ್ನುವ ಸಂಶೋಧಕರೂ ಇದ್ದಾರೆ.

ರಷ್ಯನ್ನರು ಇದರಲ್ಲಿ ಹಿಂದೆ ಬಿದ್ದವರಲ್ಲ. 1977ರ ಸೆಪ್ಟೆಂಬರ್ 20ರ ಮುಂಜಾವ ಪೆಟ್ರೊಜವೋಡ್ಸ್ಕ್ ನಗರದ ಜನ ಆಕಾಶದಲ್ಲಿ ಕಿರಣ ಸುರಿಸುವ ಬೆಳಕು ಕಂಡು ದಿಗಿಲುಗೊಂಡರು. ಪ್ಲೆಸೆಟ್ಸ್ಕ್ ಉಡಾವಣಾ ಕೇಂದ್ರದಿಂದ ಕಾಸ್ಮಾಸ್-955 ಉಪಗ್ರಹ ಹೊತ್ತ ರಾಕೆಟ್ ಆಗ ಹಾರಿತ್ತು. ಆದರೆ ಹಾಗೆಂದು ಹೇಳುವುದು ಹೇಗೆ? ಅಂಥದ್ದೊಂದು ಕೇಂದ್ರವಿದೆ ಎಂಬುದನ್ನೇ ಸೋವಿಯತ್ ಸರಕಾರ 1983ರ ತನಕ ಒಪ್ಪಿರಲಿಲ್ಲ.

ಎರಡನೆಯ ಕಾರಣ ನನಗೆ ಅರ್ಥವಾದದ್ದು ಪಕ್ಕದ ಮನೆಯವರಿಂದ. ಆ ಹುಡುಗನ ತಂದೆ ಮಲ್ಪೆಯ ಬೋಟೊಂದರಲ್ಲಿ ತಂಡೇಲ. ಅಮೇರಿಕದ ನೌಕಾಪಡೆ ತನ್ನ ಬಳಿ ಇನ್ನಷ್ಟು ವೀಡಿಯೊಗಳಿವೆ ಎಂದು ಒಪ್ಪಿಯೂ ಭದ್ರತೆಯ ಕಾರಣ ನೀಡಿ 2022ರಲ್ಲಿ ಅವುಗಳನ್ನು ಕೊಡಲು ನಿರಾಕರಿಸಿತ್ತು. ಈ ಸಂಗತಿ ಹೇಳಿದಾಗ ಅವರು, "ಅದರಲ್ಲೇನು ಮಾಷ್ಟ್ರೇ, ನಾನು ತಂದ ಮೀನು ದಕ್ಕೆಯಲ್ಲಿ ಎಲ್ಲರಿಗೂ ಕಾಣ್ತದೆ. ಬಲೆ ಹಾಕಿದ ಜಾಗ ಯಾರಿಗೂ ಹೇಳುವುದಿಲ್ಲ" ಎಂದರು. ಅಷ್ಟೇ ವಿಷಯ. ಚಿತ್ರದಲ್ಲಿ ಕಂಡ ವಸ್ತು ಗುಟ್ಟಲ್ಲ. ಅದನ್ನು ತೆಗೆದ ಕ್ಯಾಮರಾ ಎಷ್ಟು ದೂರ ನೋಡಬಲ್ಲದು, ರಾಡಾರ್ ಎಲ್ಲಿದೆ, ಎಲ್ಲಿ ಕುರುಡು ಎಂಬುದು ಗುಟ್ಟು.

ಮೂರನೆಯ ಕಾರಣ, ತಿಳಿಯದು ಎಂದು ಹೇಳಿಕೊಳ್ಳುವ ನಾಚಿಕೆ. 2021ರ ಜೂನ್‌ನಲ್ಲಿ ಅಮೇರಿಕದ ಗುಪ್ತಚರ ಇಲಾಖೆ 144 ಪ್ರಕರಣಗಳ ವರದಿ ಕೊಟ್ಟಿತು. ಅದರಲ್ಲಿ ಖಚಿತವಾಗಿ ಗುರುತಿಸಲು ಸಾಧ್ಯವಾದದ್ದು ಒಂದನ್ನು ಮಾತ್ರ, ಅದು ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನ್. ನಮ್ಮ ಲಡಾಖಿನ ಗಡಿಯಲ್ಲಿ 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಸೈನಿಕರು 329 ಬಾರಿ ಗುರುತು ಸಿಗದ ಬೆಳಕುಗಳನ್ನು ದಾಖಲಿಸಿದ್ದರು, ಚೀನಾದ ಡ್ರೋನ್ ಇರಬಹುದೆಂದು ಸಂಶಯಪಟ್ಟಿದ್ದರು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದರು. ಸೈನಿಕರನ್ನು ನಾವು ಹಾಸ್ಯ ಮಾಡಬೇಕಾಗಿಲ್ಲ. ಕೊರೆಯುವ ಚಳಿಯಲ್ಲಿ ಕಾವಲು ನಿಂತವನಿಗೆ ಪ್ರತಿ ಬೆಳಕೂ ಶತ್ರುವಿನದ್ದಾಗಿ ಕಾಣುವುದು ಸಹಜ. ಆದರೆ ಗ್ರಹವನ್ನು ಡ್ರೋನ್ ಎಂದುಕೊಂಡೆವು ಎಂದು ಯಾವ ಸರಕಾರ ತಾನಾಗಿಯೇ ಪತ್ರಿಕಾಗೋಷ್ಠಿ ಕರೆಯುತ್ತದೆ?

ನಾಲ್ಕನೆಯದು, ಜನರ ಮೇಲಿನ ಅಪನಂಬಿಕೆ. 1953ರ ಜನವರಿಯಲ್ಲಿ ಸಿಐಎ ಕರೆದ ವಿಜ್ಞಾನಿಗಳ ಸಮಿತಿಯೊಂದು ಹಾರುವ ತಟ್ಟೆಗಳಿಂದ ನೇರ ಅಪಾಯವಿಲ್ಲ ಎಂದಿತು. ಆದರೆ ಜನ ಗಾಬರಿಯಿಂದ ದೂರುಗಳ ಮಳೆ ಸುರಿಸಿದರೆ ನಿಜವಾದ ದಾಳಿಯ ಎಚ್ಚರಿಕೆ ಅದರಲ್ಲಿ ಮುಳುಗಿ ಹೋದೀತೆಂದು ಹೆದರಿತು. ಆದ್ದರಿಂದ ಜನರ ಆಸಕ್ತಿಯನ್ನೇ ತಗ್ಗಿಸಬೇಕೆಂದು ಸಲಹೆ ಕೊಟ್ಟಿತು. ಹಾಗೆ ಮಾಡಿದ್ದರಿಂದ ಆಸಕ್ತಿ ತಗ್ಗಲಿಲ್ಲ, ಸಂಶಯ ಹೆಚ್ಚಿತು.

ಇಷ್ಟನ್ನೂ ನಾನು ಅಳಿಯನಿಗೆ ವಿವರಿಸಿದೆ. ಅನ್ಯಗ್ರಹದ ಯಂತ್ರ ಸರಕಾರದ ಬಳಿ ಇದೆ ಎನ್ನಲು ಪುರಾವೆಯಿಲ್ಲ ಎಂದು ಪೆಂಟಗನ್‌ನ ತನಿಖಾ ಕಚೇರಿ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಾಗ ಅದನ್ನೂ ಅವನಿಗೆ ಕಳುಹಿಸಿದೆ. ಅವನ ಉತ್ತರ ಒಂದೇ ಸಾಲಿನದ್ದು: "ಮೊದಲು ಸುಳ್ಳು ಹೇಳಿದವರು ಈಗ ನಿಜ ಹೇಳುತ್ತಿದ್ದಾರೆಂದು ನಂಬುವುದು ಹೇಗೆ ಮಾಮ?" ಮರುವರ್ಷದ ಜೂನ್‌ನಲ್ಲಿ ವಾಲ್‌ಸ್ಟ್ರೀಟ್ ಜರ್ನಲ್ ಇನ್ನೊಂದು ಸಂಗತಿ ವರದಿ ಮಾಡಿತು. ಗುಪ್ತ ವಿಮಾನಗಳನ್ನು ಮರೆಮಾಚಲು ಅಮೇರಿಕದ ಸೇನಾಧಿಕಾರಿಗಳೇ ಕೆಲವು ಹಾರುವ ತಟ್ಟೆಯ ಕಥೆಗಳನ್ನು ಹರಡಿದ್ದರಂತೆ. ಅಳಿಯನ ಪ್ರಶ್ನೆಗೆ ನನ್ನಲ್ಲಿ ಉತ್ತರ ಉಳಿಯಲಿಲ್ಲ.

ಈಗ ಆಕಾಶದ ರೈಲು ಕೆಳಗಿಳಿದ ಕಥೆಗೆ ಬರುತ್ತೇನೆ. ದೀಪದ ಸಾಲು ಕಂಡ ಮರುದಿನ ಬೆಳಿಗ್ಗೆ, ಪತ್ರಿಕೆ ಇನ್ನೂ ಓದಿರಲಿಲ್ಲ, ಮೀನು ತರಲು ಪೇಟೆಗೆ ಹೋಗಿದ್ದೆ. ಹತ್ತಾರು ವರ್ಷಗಳ ಪರಿಚಯದ ಒಬ್ಬರು ಎದುರಾದರು. "ಏನು ಮಾಷ್ಟ್ರೇ, ನಿನ್ನೆ ರಾತ್ರಿ ನಿಮ್ಮ ತಾರಸಿಯಿಂದ ಯಾರಿಗೋ ಲೈಟ್ ತೋರಿಸಿದಿರಂತೆ?" ಎಂದು ನಕ್ಕರು. ನಾನೂ ನಕ್ಕೆ. ಮೆಟ್ಟಿಲು ಕಾಣಲು ಉರಿಸಿದ ಟಾರ್ಚ್ ಎಂದೆ. ಅವರು "ತಮಾಷೆಗೆ ಕೇಳಿದೆ ಮಾರಾಯ್ರೆ" ಎಂದು ಭುಜ ತಟ್ಟಿ ಹೋದರು. ಬಹುಶಃ ತಮಾಷೆಯೇ. ಆದರೆ ಕೇಳಿದ್ದು ಅವರು ಒಬ್ಬರೇ ಆದರೂ ಹೇಳಿದವರು ಯಾರೋ ಇದ್ದಾರಲ್ಲ? ಅಂದು ಊರಿನ ಎಷ್ಟೋ ತಾರಸಿಗಳಲ್ಲಿ ಟಾರ್ಚ್ ಉರಿದಿತ್ತು. ಪ್ರಶ್ನೆ ಬಂದದ್ದು ನಮ್ಮ ತಾರಸಿಗೆ. ಯಾಕೆಂದು ನಾನು ಬರೆಯಬೇಕಾಗಿಲ್ಲ, ಕರಾವಳಿಯ ಓದುಗರಿಗೆ ಗೊತ್ತಿದೆ. ಮನೆಯಲ್ಲಿ ಈ ಮಾತು ನಾನು ಎತ್ತಲಿಲ್ಲ. ಆ ರಾತ್ರಿ ಮೊಮ್ಮಗಳು ಮತ್ತೆ ರೈಲು ಬರುತ್ತದೆಯೇ ನೋಡೋಣ ಎಂದಾಗ, ಬೇಡ, ಮಂಜು ಬೀಳುತ್ತದೆ ಎಂದು ಸುಳ್ಳು ಹೇಳಿದೆ. ನಾನೂ ಒಂದು ಸಂಗತಿಯನ್ನು ಮುಚ್ಚಿಟ್ಟೆ, ಅವಳ ಒಳಿತಿಗೆಂದೇ. ಸರಕಾರಗಳೂ ಹೀಗೆಯೇ ಹೇಳಿಕೊಳ್ಳುತ್ತವೆ.

ನನ್ನನ್ನು ಪಾರು ಮಾಡಿದ್ದು ಪತ್ರಿಕೆಗಳಲ್ಲಿ ಬಂದ ಆ ಸರಳ ವಿವರಣೆ. ಉಡಾವಣೆಯ ದಿನಾಂಕ, ಉಪಗ್ರಹಗಳ ಸಂಖ್ಯೆ, ಹೊಳೆಯುವ ಕಾರಣ ಎಲ್ಲವೂ ಬಹಿರಂಗವಾದ ಮೇಲೆ ಟಾರ್ಚಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅದೇ ದೀಪದ ಸಾಲು ಒಂದು ಗುಪ್ತ ಯೋಜನೆಯದ್ದಾಗಿದ್ದು, 'ಹೇಳಲಾಗದು' ಎಂಬ ಉತ್ತರ ಬಂದಿದ್ದರೆ? 47 ವರ್ಷ ಕಾಯಲು ನನ್ನಲ್ಲಿ ಆಯುಷ್ಯವಿಲ್ಲ.

ಉತ್ತರವಿಲ್ಲದ ಕಾಲ ಹೇಗಿರುತ್ತದೆಂದು ಮಲ್ಪೆಯವರನ್ನು ಕೇಳಬೇಕು. 2018ರ ಡಿಸೆಂಬರ್ ಮಧ್ಯದಲ್ಲಿ 'ಸುವರ್ಣ ತ್ರಿಭುಜ' ಬೋಟ್ 7 ಮಂದಿಯೊಂದಿಗೆ ಮಹಾರಾಷ್ಟ್ರದ ಕಡಲಲ್ಲಿ ಕಾಣೆಯಾಯಿತು. ಜನವರಿಯಲ್ಲಿ ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು ಪ್ರತಿಭಟಿಸಿದರು. ಮಾಲ್ವಣದ ಆಚೆ ಸಮುದ್ರತಳದಲ್ಲಿ ಬೋಟಿನ ಅವಶೇಷ ಇದೆಯೆಂದು ನೌಕಾಪಡೆ ತಿಳಿಸಿದ್ದು 2019ರ ಮೇ ತಿಂಗಳಲ್ಲಿ. ಯಾರಿಗೆ ಎಷ್ಟು ಗೊತ್ತಿತ್ತು ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ನಡುವಿನ ಆ ತಿಂಗಳುಗಳಲ್ಲಿ ದಕ್ಕೆಯ ಚಹಾದಂಗಡಿಗಳಲ್ಲಿ ಹುಟ್ಟಿದ ಕಥೆಗಳನ್ನು ಕೇಳುತ್ತಾ 7 ಮನೆಗಳು ಬದುಕಬೇಕಾಯಿತು. "ಸಮುದ್ರ ನುಂಗಿತು ಎಂದು ಗೊತ್ತಾದರೆ ಅತ್ತಾದರೂ ಮುಗಿಸಬಹುದಿತ್ತು" ಎಂದಿದ್ದರು ನಮ್ಮ ತಂಡೇಲ.

ಹಾಗಾದರೆ ಸರಕಾರ ಎಲ್ಲವನ್ನೂ ಹೇಳಿಬಿಡಬೇಕೇ? ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಗೆ ವಿನಾಯಿತಿ ಕೊಟ್ಟಿದೆ, ಅದು ನ್ಯಾಯವೇ. ಅದೇ ಸೆಕ್ಷನ್, ಮುಚ್ಚಿಡುವುದರಿಂದ ಆಗುವ ರಕ್ಷಣೆಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎಂದೂ ಹೇಳುತ್ತದೆ. ಎರಡನ್ನೂ ತೂಗಿ ನೋಡಬೇಕು. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಗುರುತು ಸಿಗದ ವಸ್ತು ಕಂಡು ವಿಮಾನ ಸಂಚಾರ ನಿಂತಿತು, ರಫೇಲ್ ಯುದ್ಧ ವಿಮಾನಗಳು ಹುಡುಕಿ ಬರಿಗೈಲಿ ಮರಳಿದವು. ರಾಡಾರ್ ಎಲ್ಲಿತ್ತೆಂದು ಯಾರೂ ಕೇಳುತ್ತಿಲ್ಲ. ಆದರೆ ಆಗಲೇ ಗಲಭೆಯಿಂದ ಬೆಂದಿದ್ದ ಆ ಊರಿನ ಜನರಿಗೆ, ಕಂಡದ್ದೇನು, ತಿಳಿಯದೆ ಉಳಿದದ್ದೇನು ಎಂದು ಕೇಳುವ ಹಕ್ಕಿಲ್ಲವೇ? ಫ್ರಾನ್ಸ್ 2007ರಲ್ಲಿ ತನ್ನ ಕಡತಗಳನ್ನು ತೆರೆಯಿತು, ಬ್ರಿಟನ್ ಮರುವರ್ಷದಿಂದ ಕಂತುಕಂತಾಗಿ ತೆರೆಯಿತು. ಅವರ ಆಕಾಶವೇನೂ ಕಳಚಿ ಬೀಳಲಿಲ್ಲ.

ಅಳಿಯ ಕಳೆದ ಸಲ ಬಂದಾಗ ಕಾಪು ದೀಪಸ್ತಂಭದ ಬಳಿ ಕುಳಿತಿದ್ದೆವು. 1901ರಿಂದ ಅದು ಅಲ್ಲಿದೆ. ಯಾವ ದೀಪಸ್ತಂಭ ಎಷ್ಟು ಸೆಕೆಂಡಿಗೊಮ್ಮೆ ಮಿನುಗುತ್ತದೆಂಬುದನ್ನು ಅಚ್ಚು ಹಾಕಿಸಿ ಎಲ್ಲ ದೇಶದ ನಾವಿಕರಿಗೂ ತಿಳಿಸಿರುತ್ತಾರೆ, ಒಂದು ಬೆಳಕನ್ನು ಇನ್ನೊಂದೆಂದು ತಿಳಿದು ಯಾರೂ ಬಂಡೆಗೆ ಬಡಿಯದಿರಲಿ ಎಂದು. ಇದನ್ನು ಹೇಳಿದಾಗ ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಅಷ್ಟರಲ್ಲಿ ಒಂದು ಬಿಳಿ ಚುಕ್ಕಿ ಆಕಾಶದಲ್ಲಿ ಸದ್ದಿಲ್ಲದೆ ಹಾದು ಹೋಯಿತು.

"ಉಪಗ್ರಹ" ಎಂದ ಅವನು.

"ಹೇಗೆ ಗೊತ್ತು?" ಎಂದೆ.

ಮೊಬೈಲ್ ತೆಗೆದು ಅದರ ಹೆಸರು ಹುಡುಕತೊಡಗಿದ. ಮನೆಗೆ ಮರಳಿದವನೇ ಮೊಮ್ಮಗಳನ್ನು ಕರೆದುಕೊಂಡು ತಾರಸಿಗೆ ಹೋದೆ. ಟಾರ್ಚ್ ಉರಿಸಿಕೊಂಡೇ ಹೋದೆ.